ಅಂಕಪಟ್ಟಿಯ ಜೊತೆಗೊಂದು ಕಾಗದ

ಕೊಲ್ಹಾಪುರದಿಂದ ಬೆಳಗಾವಿಗೆ ಹೋಗುವ ಹೆದ್ದಾರಿಯಲ್ಲಿ ಮಹಾರಾಷ್ಟ್ರದ ಕೊನೆಯ ದೊಡ್ಡ ಊರು ಕಾಗಲ, ಕರ್ನಾಟಕದ ಮೊದಲ ದೊಡ್ಡ ಊರು ನಿಪ್ಪಾಣಿ. ನಡುವೆ ದೂಧಗಂಗಾ ನದಿ, ಕೊಗನೊಳ್ಳಿಯ ಟೋಲ್ ನಾಕೆ, ಬಸ್ಸಿನಲ್ಲಿ ಅರ್ಧ ಗಂಟೆಯ ದಾರಿ. ನಿಪ್ಪಾಣಿಯಲ್ಲಿ ಮರಾಠಿ ಮನೆಮಾತಿನ ಮಗು 12ನೇ ತರಗತಿ ಮುಗಿಸಿ ಎಂಜಿನಿಯರಿಂಗ್ ಸೀಟು ಹುಡುಕಲು ಹೊರಟರೆ ಅದರ ಮುಂದೆ ಎರಡು ಬಾಗಿಲುಗಳಿವೆ. ಅದು ಕರ್ನಾಟಕದಲ್ಲಿ ಓದಿದ್ದರಿಂದ ಇಲ್ಲಿನ ಸಿಇಟಿ ಅದಕ್ಕೆ ತೆರೆದಿದೆ. ಮಹಾರಾಷ್ಟ್ರದ ಸಿಇಟಿ ಸೆಲ್‌ನ ನಿಯಮಗಳಲ್ಲಿ ವಿವಾದಿತ ಗಡಿಭಾಗದ ಮರಾಠಿ ಮಾತೃಭಾಷೆಯವರಿಗೆಂದೇ 'ಟೈಪ್ ಇ' ಎಂಬ ವರ್ಗವಿರುವುದರಿಂದ ಆ ಬಾಗಿಲೂ ಬಂದ್ ಆಗಿಲ್ಲ. ಅತ್ತ ಗಡಹಿಂಗ್ಲಜ ತಾಲ್ಲೂಕಿನ ಕನ್ನಡ ಮನೆಮಾತಿನ ಮಗುವಿಗೂ ಎರಡು ಬಾಗಿಲು. ಅದು ಮಹಾರಾಷ್ಟ್ರದ ವಿದ್ಯಾರ್ಥಿ ಹೇಗೂ ಹೌದು. ಜೊತೆಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಗಡಿನಾಡು ಕನ್ನಡಿಗರ ಷರತ್ತಿನಲ್ಲಿ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ, ಗಡಹಿಂಗ್ಲಜ ಹಾಗೂ ಕೇರಳದ ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲ್ಲೂಕುಗಳ ಹೆಸರುಗಳಿವೆ. ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯಾಗಿದ್ದು, ಅಲ್ಲಿ 7 ವರ್ಷ ಓದಿ, ಒಂದು ಕನ್ನಡ ಭಾಷಾ ಪರೀಕ್ಷೆ ಪಾಸಾದರೆ ಅವರಿಗೂ ಕರ್ನಾಟಕದ ಸೀಟಿನ ಅರ್ಹತೆ ಉಂಟು. ಆ ಪಟ್ಟಿಯಲ್ಲಿ ಕಾಗಲ ಇಲ್ಲ. ಗಡಹಿಂಗ್ಲಜಕ್ಕೆ ಅಂಟಿಕೊಂಡೇ ಇರುವ, ನಿಪ್ಪಾಣಿಗೆ ಅದಕ್ಕಿಂತಲೂ ಹತ್ತಿರದ ಕಾಗಲದ ಕನ್ನಡದ ಮಗುವಿಗೆ ಬಾಗಿಲು ಒಂದೇ.

ಈ ತಾಲ್ಲೂಕುಗಳ ಹೆಸರುಗಳು ಎಲ್ಲಿಂದ ಬಂದವು ಎಂಬುದು ಗುಟ್ಟೇನಲ್ಲ. 1956ರ ರಾಜ್ಯ ಪುನರ್ವಿಂಗಡಣೆ, 1966ರಲ್ಲಿ ನೇಮಕವಾಗಿ 1967ರಲ್ಲಿ ವರದಿ ಕೊಟ್ಟ ಮಹಾಜನ ಆಯೋಗ, ಎರಡೂ ರಾಜ್ಯಗಳು ಆ ಕಾಲದಲ್ಲಿ ಮಂಡಿಸಿದ ಹಕ್ಕೊತ್ತಾಯಗಳು, ಇವುಗಳ ಶಾಯಿಯೇ ಇನ್ನೂ ಪ್ರವೇಶ ಪುಸ್ತಿಕೆಗಳಲ್ಲಿ ಆರಿಲ್ಲ. ಮಹಾರಾಷ್ಟ್ರ ತನ್ನದೆಂದು ಕೇಳುವ 865 ಊರುಗಳ ಪಟ್ಟಿ ಅವರ ಪುಸ್ತಿಕೆಯಲ್ಲಿ ಜೀವಂತ, ಕರ್ನಾಟಕದ ತಾಲ್ಲೂಕುಗಳ ಪಟ್ಟಿ ನಮ್ಮದರಲ್ಲಿ. ಹದಿನೇಳು ವರ್ಷದ ವಿದ್ಯಾರ್ಥಿಯ ಅರ್ಜಿ ಅವಳು ಹುಟ್ಟುವುದಕ್ಕೆ ನಾಲ್ಕು ದಶಕ ಮೊದಲು ನಡೆದ ವಾದದ ಮೇಲೆ ನಿಂತಿದೆ. ಇದರಲ್ಲಿ ಅನ್ಯಾಯವಿದೆ ಎಂದಷ್ಟೇ ಹೇಳಿ ಮುಂದೆ ಹೋಗುವುದು ಸುಲಭ. ನನಗೆ ಇದರಲ್ಲಿ ಕಾಣುವುದು ಬೇರೆ ಸಂಗತಿ. ನಮ್ಮ ಪ್ರವೇಶ ಪದ್ಧತಿ ಅಂಕವನ್ನು ಬಿಟ್ಟು ಬೇರೇನನ್ನೂ ನೋಡುವುದಿಲ್ಲ ಎಂಬ ಮಾತು ಸುಳ್ಳು. ಅದು ವಿದ್ಯಾರ್ಥಿ ಎಲ್ಲಿಂದ ಬಂದಳು ಎಂಬುದನ್ನು ನೋಡುತ್ತದೆ, ಆದರೆ ಶಾಲೆಯ ಕಿಟಕಿಯಿಂದಲ್ಲ, ನಕಾಶೆಯ ಮೇಲಿನಿಂದ. ಶಾಲೆಯ ಕಿಟಕಿಯಿಂದ ನೋಡುವುದು ಹೇಗೆ ಎಂಬುದಕ್ಕೆ, ನಾವು ಸಾಮಾನ್ಯವಾಗಿ ಬೇರೆ ಕಾರಣಗಳಿಗೆ ಹೊಗಳುವ ಅಥವಾ ಬೈಯುವ ಅಮೆರಿಕದ ಪದ್ಧತಿಯಲ್ಲಿ ಒಂದು ಪಾಠ ಇದೆ.

ಅಮೆರಿಕದ ಹೈಸ್ಕೂಲು ಎಂದರೆ 9ರಿಂದ 12ನೇ ತರಗತಿ. ಅಲ್ಲಿ ರಾಜ್ಯಕ್ಕೊಂದು ಪ್ರವೇಶ ಪರೀಕ್ಷೆ, ಒಂದು ರ್‍ಯಾಂಕ್ ಪಟ್ಟಿ, ಕ್ಯಾಪ್ ರೌಂಡು, ಆಪ್ಷನ್ ಎಂಟ್ರಿ ಇವು ಯಾವುವೂ ಇಲ್ಲ. ಪ್ರತಿ ಕಾಲೇಜೂ ತನಗೆ ಬೇಕಾದವರನ್ನು ತಾನೇ ಆರಿಸುತ್ತದೆ. ವಿದ್ಯಾರ್ಥಿ 12ನೇ ತರಗತಿಯ ಆರಂಭದಲ್ಲಿ, ಅಂದರೆ ಆಗಸ್ಟ್-ಸೆಪ್ಟೆಂಬರಿನ ಹೊತ್ತಿಗೆ, ತಾನು ಅರ್ಜಿ ಹಾಕುವ ಕಾಲೇಜುಗಳನ್ನು ಗೊತ್ತುಮಾಡಿಕೊಳ್ಳುತ್ತಾಳೆ. 1975ರಲ್ಲಿ 15 ಕಾಲೇಜುಗಳು ಸೇರಿ ಆರಂಭಿಸಿದ 'ಕಾಮನ್ ಅಪ್ಲಿಕೇಶನ್' ಎಂಬ ಏಕರೂಪ ಅರ್ಜಿಯನ್ನು ಇಂದು ಸಾವಿರಕ್ಕೂ ಹೆಚ್ಚು ಕಾಲೇಜುಗಳು ಒಪ್ಪುತ್ತವೆ. ಅದರಲ್ಲಿ ನಾಲ್ಕು ವರ್ಷದ ಅಂಕಗಳ ದಾಖಲೆ ಹೋಗುತ್ತದೆ, ಕೊನೆಯ ವರ್ಷದ ಒಂದು ಪರೀಕ್ಷೆಯದಷ್ಟೇ ಅಲ್ಲ. 650 ಪದ ಮೀರದ ಒಂದು ಸ್ವಂತ ಪ್ರಬಂಧ ಬರೆಯಬೇಕು. ಪಠ್ಯದ ಹೊರಗೆ ಏನೇನು ಮಾಡಿದೆ ಎಂಬುದಕ್ಕೆ 10 ಸಾಲುಗಳಿವೆ. ಆಟ, ಸಂಗೀತ, ಸಂಘಗಳಷ್ಟೇ ಅಲ್ಲ, ಅಂಗಡಿಯಲ್ಲಿ ಸಂಬಳಕ್ಕೆ ದುಡಿದದ್ದು, ಮನೆಯಲ್ಲಿ ತಮ್ಮ-ತಂಗಿಯರನ್ನು ನೋಡಿಕೊಂಡದ್ದೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಪಾಠ ಹೇಳಿದ ಒಬ್ಬಿಬ್ಬರು ಶಿಕ್ಷಕರೂ, ಶಾಲೆಯ ಕೌನ್ಸೆಲರ್ ಎಂಬ ಅಧಿಕಾರಿಯೂ ಶಿಫಾರಸು ಪತ್ರ ಕಳಿಸುತ್ತಾರೆ. ನವೆಂಬರ್ 1ರ ಹೊತ್ತಿಗೆ ಅರ್ಜಿ ಹಾಕಿದರೆ ಉತ್ತರ ಬೇಗ ಬರುತ್ತದೆ. 'ಅರ್ಲಿ ಡಿಸಿಷನ್' ಎಂಬ ದಾರಿ ಹಿಡಿದರೆ ಮಾತ್ರ, ಸೀಟು ಸಿಕ್ಕ ಮೇಲೆ ಅಲ್ಲೇ ಸೇರಬೇಕೆಂಬ ಕರಾರಿಗೆ ಸಹಿ ಹಾಕಿದಂತೆ. ಉಳಿದವರಿಗೆ ಜನವರಿ 1ರ ಆಸುಪಾಸು ಕೊನೆಯ ದಿನ, ಮಾರ್ಚ್ ಮುಗಿಯುವುದರೊಳಗೆ ಉತ್ತರ, ಮೇ 1ರೊಳಗೆ ಯಾವ ಕಾಲೇಜು ಎಂಬ ನಿರ್ಧಾರ. ಶುಲ್ಕಕ್ಕೆ ಸರ್ಕಾರದ ನೆರವು ಕೇಳುವ ಅರ್ಜಿ ಬೇರೆ. ಹಾರ್ವರ್ಡಿನಂಥ ಕಡೆ ನೂರಕ್ಕೆ ಮೂರೋ ನಾಲ್ಕೋ ಜನಕ್ಕೆ ಸೀಟು ಸಿಗುತ್ತದೆಂಬ ಸುದ್ದಿಯೇ ನಮ್ಮ ಪತ್ರಿಕೆಗಳಿಗೆ ಬರುವುದರಿಂದ ಅಲ್ಲಿ ಎಲ್ಲವೂ ಹಾಗೇ ಎಂದು ನಾವು ಅಂದುಕೊಳ್ಳುತ್ತೇವೆ. ವಾಸ್ತವದಲ್ಲಿ ಅಲ್ಲಿನ ಹೆಚ್ಚಿನ ಕಾಲೇಜುಗಳು ಅರ್ಜಿ ಹಾಕಿದವರಲ್ಲಿ ಬಹುಪಾಲು ಮಂದಿಯನ್ನು ಸೇರಿಸಿಕೊಳ್ಳುತ್ತವೆ. ಸಮುದಾಯ ಕಾಲೇಜುಗಳು ಹೈಸ್ಕೂಲು ಮುಗಿಸಿದ ಯಾರನ್ನೂ ಹಿಂದೆ ಕಳಿಸುವುದು ಅಪರೂಪ.

ಇಷ್ಟನ್ನು ಓದಿದ ಯಾವ ಕನ್ನಡ ತಂದೆ-ತಾಯಿಗೂ 'ಮಗುವನ್ನು ಇಡಿಯಾಗಿ ನೋಡುತ್ತಾರಲ್ಲ' ಎನ್ನಿಸಬಹುದು. ಆ ಮೆಚ್ಚುಗೆಗೆ ಸ್ವಲ್ಪ ತಡೆ ಹಾಕಬೇಕು. ಅಂಕದಾಚೆಗೆ 'ವ್ಯಕ್ತಿತ್ವ' ನೋಡುವ ಪದ್ಧತಿ ಅಲ್ಲಿ ಹುಟ್ಟಿದ್ದು ಉದಾರತೆಯಿಂದಲ್ಲ. 1920ರ ದಶಕದಲ್ಲಿ ಪರೀಕ್ಷೆಯಲ್ಲಿ ಚೆನ್ನಾಗಿ ಅಂಕ ತೆಗೆಯುತ್ತಿದ್ದ ಯಹೂದಿ ಹುಡುಗರ ಸಂಖ್ಯೆ ಹೆಚ್ಚಿದಾಗ, ಅವರನ್ನು ಹೊರಗಿಡಲು ಹಾರ್ವರ್ಡ್, ಯೇಲ್, ಕೊಲಂಬಿಯಾದಂಥ ವಿಶ್ವವಿದ್ಯಾಲಯಗಳು ಚಾರಿತ್ರ್ಯ, ಕುಟುಂಬ, ಸಂದರ್ಶನ ಎಂಬ ಮಾಪಕಗಳನ್ನು ತಂದವು. ಸಮಾಜಶಾಸ್ತ್ರಜ್ಞ ಜೆರೋಮ್ ಕರಾಬೆಲ್ 2005ರ ತಮ್ಮ ಪುಸ್ತಕದಲ್ಲಿ ಈ ಕಥೆಯನ್ನು ದಾಖಲೆಗಳ ಸಮೇತ ಬಿಡಿಸಿಟ್ಟಿದ್ದಾರೆ. ಇತ್ತೀಚಿನದ್ದಕ್ಕೆ ಬಂದರೆ, 2019ರ ಮಾರ್ಚಿನಲ್ಲಿ ಹೊರಬಿದ್ದ ಹಗರಣದಲ್ಲಿ ಸಿರಿವಂತ ಪೋಷಕರು ದಲ್ಲಾಳಿಯೊಬ್ಬನ ಮೂಲಕ ಮಕ್ಕಳನ್ನು ಆಡದ ಆಟದ ಆಟಗಾರರೆಂದು ತೋರಿಸಿ ಸೀಟು ಕೊಂಡದ್ದು ನ್ಯಾಯಾಲಯದ ಮೆಟ್ಟಿಲು ಹತ್ತಿತು. ಅದು ಕಳ್ಳದಾರಿ. ರಾಜಮಾರ್ಗದಲ್ಲೇ ಎಷ್ಟು ಓರೆ ಇದೆ ಎಂಬುದನ್ನು ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಸಂಗಡಿಗರ 2023ರ ಅಧ್ಯಯನ ತೋರಿಸಿತು: ಒಂದೇ ಪರೀಕ್ಷಾ ಅಂಕವಿದ್ದರೂ ಮಧ್ಯಮವರ್ಗದ ಮಗುವಿಗಿಂತ ಅತಿ ಶ್ರೀಮಂತ ಶೇ. 1ರ ಕುಟುಂಬದ ಮಗು ಅಲ್ಲಿನ ಅತ್ಯುನ್ನತ ಕಾಲೇಜುಗಳನ್ನು ಸೇರುವ ಸಾಧ್ಯತೆ ಎರಡು ಪಟ್ಟಿಗೂ ಹೆಚ್ಚು. ಕಾರಣಗಳಲ್ಲಿ ಹಳೆ ವಿದ್ಯಾರ್ಥಿಗಳ ಮಕ್ಕಳಿಗೆ ಸಿಗುವ ಆದ್ಯತೆ ಒಂದು, ಕ್ರೀಡೆ ಒಂದು, ಪಠ್ಯೇತರ ಚಟುವಟಿಕೆ ಮತ್ತು ವ್ಯಕ್ತಿತ್ವಕ್ಕೆ ಕೊಡುವ ಅಂಕ ಇನ್ನೊಂದು. ಪ್ರಬಂಧ ತಿದ್ದಲು ಮನೆಯಲ್ಲಿ ಯಾರಿದ್ದಾರೆ, ಶಿಫಾರಸು ಬರೆಯುವ ಕೌನ್ಸೆಲರ್ ತಲೆಗೆ ಎಷ್ಟು ಮಕ್ಕಳಿದ್ದಾರೆ ಎಂಬುದರ ಮೇಲೆ 'ಇಡೀ ಮಗು' ಎಷ್ಟು ಕಾಣುತ್ತದೆ ಎಂಬುದು ನಿಂತಿದೆ. ಒಬ್ಬ ಕೌನ್ಸೆಲರಿಗೆ 250 ವಿದ್ಯಾರ್ಥಿಗಳಿರಬೇಕೆಂದು ಅವರ ವೃತ್ತಿಸಂಘ ಹೇಳುತ್ತದೆ. ದೇಶದ ಸರಾಸರಿ ಅದಕ್ಕಿಂತ ಬಹಳ ಮೇಲಿದೆ.

ಆದರೆ ಆ ಅರ್ಜಿಯ ಕಟ್ಟಿನಲ್ಲಿ ವಿದ್ಯಾರ್ಥಿ ಬರೆಯದ, ಬಹಳ ಸಲ ನೋಡಿಯೂ ಇರದ ಇನ್ನೊಂದು ಕಾಗದ ಇರುತ್ತದೆ. ಅದರ ಹೆಸರು 'ಸ್ಕೂಲ್ ಪ್ರೊಫೈಲ್', ಶಾಲೆಯ ಪರಿಚಯಪತ್ರ. ಒಂದೆರಡು ಪುಟ, ಶುಷ್ಕ ಭಾಷೆ. ಈ ಶಾಲೆಯಲ್ಲಿ ಎಷ್ಟು ಮಕ್ಕಳು, ಯಾವ ಯಾವ ವಿಷಯಗಳನ್ನು ಕಲಿಸುತ್ತೇವೆ, ಯಾವುದನ್ನು ಕಲಿಸಲು ಶಿಕ್ಷಕರಿಲ್ಲ, ಅಂಕಗಳು ಹೇಗೆ ಹಂಚಿಹೋಗಿವೆ, ಎಷ್ಟು ಮಂದಿ ಮುಂದೆ ಕಾಲೇಜಿಗೆ ಹೋಗುತ್ತಾರೆ ಎಂಬ ವಿವರ. ಕಾಲೇಜಿನ ಪ್ರವೇಶಾಧಿಕಾರಿಗಳಿಗೂ ಪ್ರದೇಶಗಳನ್ನು ಹಂಚಿರುತ್ತಾರೆ. ಒಂದು ಸೀಮೆಯ ಅರ್ಜಿಗಳನ್ನೆಲ್ಲ ಒಬ್ಬರೇ ವರ್ಷ ವರ್ಷ ಓದಿ ಓದಿ ಆ ಶಾಲೆಗಳ ಗುಣ ಅವರಿಗೆ ತಿಳಿದಿರುತ್ತದೆ. ಹೀಗಾಗಿ ಕ್ಯಾಲ್ಕುಲಸ್ ಪಾಠವೇ ಇಲ್ಲದ ಶಾಲೆಯ ವಿದ್ಯಾರ್ಥಿ ಕ್ಯಾಲ್ಕುಲಸ್ ಓದಿಲ್ಲ ಎಂಬುದು ದೋಷವಾಗುವುದಿಲ್ಲ. ಕಾಲೇಜು ಪ್ರವೇಶಕ್ಕೆ ಬರೆಯುವ ಎಸ್‌ಎಟಿ ಪರೀಕ್ಷೆಯಲ್ಲಿ ಎಲ್ಲರೂ 500 ತೆಗೆಯುವ ಶಾಲೆಯಿಂದ 650 ತೆಗೆದವಳು, ಎಲ್ಲರೂ 700 ತೆಗೆಯುವ ಶಾಲೆಯಿಂದ 700 ತೆಗೆದವಳಿಗಿಂತ ಹೆಚ್ಚು ಗಮನ ಸೆಳೆಯಬಹುದು. ಕೋವಿಡ್ ಕಾಲದಲ್ಲಿ ಎಸ್‌ಎಟಿ ಅಂಕ ಕೊಡುವುದು ಐಚ್ಛಿಕವಾಗಿ, ಡಾರ್ಟ್‌ಮತ್ ಕಾಲೇಜು 2024ರಲ್ಲಿ ಅದನ್ನು ಮತ್ತೆ ಕಡ್ಡಾಯ ಮಾಡಿದಾಗ ಕೊಟ್ಟ ಕಾರಣ ಇದನ್ನೇ ಹೇಳುತ್ತದೆ. ಬಡ ಶಾಲೆಗಳ ಮಕ್ಕಳು ತಮ್ಮ ಅಂಕ ಕಡಿಮೆಯೆಂದು ಹೆದರಿ ಅದನ್ನು ಬಚ್ಚಿಡುತ್ತಿದ್ದರು. ಅವರ ಶಾಲೆಯ ಪಕ್ಕದಲ್ಲಿಟ್ಟು ನೋಡಿದ್ದರೆ ಅದೇ ಅಂಕ ಅವರಿಗೆ ಸೀಟು ತರುತ್ತಿತ್ತು. ಅಂಕವನ್ನು ಬಿಟ್ಟುಬಿಡುವುದೂ ನ್ಯಾಯವಲ್ಲ, ಬರಿಯ ಅಂಕವನ್ನೇ ನಂಬುವುದೂ ನ್ಯಾಯವಲ್ಲ. ಅಂಕ ಯಾವ ನೆಲದಲ್ಲಿ ಬೆಳೆದದ್ದು ಎಂದು ಕೇಳುವುದು ಮೂರನೆಯ ದಾರಿ. ಅಮೆರಿಕದ ಅರ್ಜಿಯಲ್ಲಿ ನಮಗೆ ಬೇಕಾದದ್ದು ಪ್ರಬಂಧವಲ್ಲ, ಶಿಫಾರಸು ಪತ್ರವಲ್ಲ, ಈ ಶುಷ್ಕ ಕಾಗದ.

ನಮ್ಮಲ್ಲಿ ಅಂಥ ಪ್ರಶ್ನೆಯೇ ಇಲ್ಲವೇ ಎಂದರೆ, ಇದೆ. ಕರ್ನಾಟಕದ ಸಿಇಟಿಯಲ್ಲಿ 1ರಿಂದ 10ರವರೆಗೆ ಹಳ್ಳಿಯಲ್ಲಿ ಓದಿದವರಿಗೆ ಶೇ. 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5 ಮೀಸಲಿದೆ. ಎಂಜಿನಿಯರಿಂಗ್ ರ್‍ಯಾಂಕಿಗೆ ಸಿಇಟಿ ಅಂಕದ ಜೊತೆ 12ರ ಬೋರ್ಡ್ ಅಂಕವನ್ನೂ ಅರ್ಧ ಪಾಲು ಹಿಡಿಯುತ್ತಾರೆ. ಮಹಾರಾಷ್ಟ್ರದಲ್ಲಿ ರ್‍ಯಾಂಕ್ ನಿಲ್ಲುವುದು ಎಂಎಚ್‌ಟಿ-ಸಿಇಟಿಯ ಪರ್ಸೆಂಟೈಲಿನ ಮೇಲೆ. ಆದರೆ ಅಲ್ಲೂ ತವರು ವಿಶ್ವವಿದ್ಯಾಲಯ ಎಂಬ ಲೆಕ್ಕವಿದೆ, ಕಾಗಲದವರಿಗೆ ಅದು 1962ರಲ್ಲಿ ಸ್ಥಾಪನೆಯಾದ ಶಿವಾಜಿ ವಿಶ್ವವಿದ್ಯಾಲಯ. ಜಾತಿ ಮೀಸಲಾತಿಯಂತೂ ಇದ್ದೇ ಇದೆ. ಇವೆಲ್ಲ ಒಂದು ರೀತಿಯಲ್ಲಿ ಮಗುವಿನ ಹಿನ್ನೆಲೆಯನ್ನು ಓದುವ ಪ್ರಯತ್ನಗಳೇ. ಕೊರತೆ ಎಲ್ಲಿದೆಯೆಂದರೆ, ಇವೆಲ್ಲ ಹೌದು-ಇಲ್ಲ ಎಂಬ ಗೆರೆಗಳು. ಗೆರೆಯ ಈಚೆ ಇದ್ದರೆ ಪೂರ್ತಿ ಲಾಭ, ಆಚೆ ಇದ್ದರೆ ಸೊನ್ನೆ. ನಗರದ ಅಂಚಿನ ಹಳ್ಳಿಯ ದುಬಾರಿ ಶಾಲೆ ಗೆರೆಯ ಒಳಗೆ ಬಂದೀತು, ತಾಲ್ಲೂಕು ಕೇಂದ್ರದ ಶಿಕ್ಷಕರಿಲ್ಲದ ಸರ್ಕಾರಿ ಶಾಲೆ ಹೊರಗೆ ಉಳಿದೀತು. ಭಾಷೆಯ ಲೆಕ್ಕದಲ್ಲಿ ಇದು ಇನ್ನಷ್ಟು ಮೊಂಡು. ಎಂಎಚ್‌ಟಿ-ಸಿಇಟಿಯ ಭೌತ, ರಸಾಯನ, ಜೀವಶಾಸ್ತ್ರದ ಪ್ರಶ್ನೆಗಳನ್ನು ಇಂಗ್ಲಿಷ್, ಮರಾಠಿ, ಉರ್ದುವಿನಲ್ಲಿ ಓದಬಹುದು, ಕನ್ನಡದಲ್ಲಿ ಅಲ್ಲ. ಜತ್ತ-ಅಕ್ಕಲಕೋಟೆಯ ಕಡೆ ಹತ್ತರವರೆಗೂ ಕನ್ನಡದಲ್ಲಿ ಕಲಿತ ಮಗು ಅದೇ ರಾಜ್ಯದ ಪರೀಕ್ಷೆಯಲ್ಲಿ ಪರಭಾಷೆಯಲ್ಲಿ ಉತ್ತರಿಸಬೇಕು. ಅದರ ಪರ್ಸೆಂಟೈಲಿನ ಪಕ್ಕದಲ್ಲಿ ಈ ಸಂಗತಿಯನ್ನು ಬರೆದಿಡುವ ಒಂದು ಖಾನೆಯೂ ಇಲ್ಲ. ಮಹಾರಾಷ್ಟ್ರದ ಶಾಲೆ ಬಿಟ್ಟ ದಾಖಲೆಯಲ್ಲಿ ಮಾತೃಭಾಷೆಯ ಖಾನೆ ಇದೆ ನಿಜ. ಆದರೆ ಅದರಲ್ಲಿ ಒಂದೇ ಭಾಷೆಗೆ ಜಾಗ. ಅಂಗಳದಲ್ಲಿ ಮರಾಠಿ, ಅಡುಗೆಮನೆಯಲ್ಲಿ ಕನ್ನಡ ಆಡುವ ಗಡಿಯ ಮನೆಗಳಿಗೆ ಆ ಖಾನೆ ಚಿಕ್ಕದು.

ಈ ಸೀಮೆಯಲ್ಲಿ ಹಿಂದೆ ಪ್ರಶ್ನೆ ಹೀಗಿರಲಿಲ್ಲ. 1880ರಲ್ಲಿ ಆರಂಭವಾದ ಕೊಲ್ಹಾಪುರದ ರಾಜಾರಾಮ ಕಾಲೇಜು ಚಿಕ್ಕೋಡಿ-ನಿಪ್ಪಾಣಿ ಕಡೆಯ ಕನ್ನಡದವರಿಗೂ ಹತ್ತಿರದ ಕಾಲೇಜಾಗಿತ್ತು. ಶಿಲಾಹಾರರ ಕನ್ನಡ ಶಾಸನಗಳನ್ನು ಸಂಗ್ರಹಿಸಿದ ಕೆ. ಜಿ. ಕುಂದಣಗಾರರು ಅಲ್ಲಿ ಪಾಠ ಹೇಳಿದರು. ಸದಲಗಾದಲ್ಲಿ ಹುಟ್ಟಿದ ಆ. ನೇ. ಉಪಾಧ್ಯೆಯವರು 1930ರಿಂದ ಮೂರು ದಶಕ ಅಲ್ಲೇ ಅರ್ಧಮಾಗಧಿ ಕಲಿಸಿದರು. ವಿ. ಕೃ. ಗೋಕಾಕರು ಅಲ್ಲಿ ಪ್ರಾಂಶುಪಾಲರಾಗಿದ್ದರು. ಮುಂಬೈ ವಿಶ್ವವಿದ್ಯಾಲಯದ ಮೆಟ್ರಿಕ್ ಪಾಸಾದರೆ ಅರ್ಜಿಯ ಮುಖ್ಯ ಭಾಗ ಮುಗಿದಂತೆ. ಕಷ್ಟವಿದ್ದದ್ದು ಪ್ರವೇಶದಲ್ಲಲ್ಲ, ಊರಿಗೆ ಬಂದ ಮೇಲೆ ಎಲ್ಲಿ ಉಳಿದು ಏನು ಉಣ್ಣಬೇಕು ಎಂಬುದರಲ್ಲಿ. ಅದನ್ನು ಸರಿಯಾಗಿ ಗುರುತಿಸಿದ್ದು ಕಾಗಲದ ಘಾಟಗೆ ಮನೆತನದಲ್ಲಿ 1874ರಲ್ಲಿ ಹುಟ್ಟಿ ಕೊಲ್ಹಾಪುರದ ಗಾದಿಗೆ ದತ್ತು ಹೋದ ಶಾಹೂ ಮಹಾರಾಜರು. 1902ರಲ್ಲಿ ಸಂಸ್ಥಾನದ ನೌಕರಿಗಳಲ್ಲಿ ಹಿಂದುಳಿದವರಿಗೆ ಶೇ. 50 ಮೀಸಲಿಟ್ಟ ಆದೇಶವೇ ಅವರ ಹೆಸರಿನ ಜೊತೆ ಎಲ್ಲರಿಗೂ ನೆನಪಾಗುವುದು. ಅದಕ್ಕೂ ಒಂದು ವರ್ಷ ಮೊದಲೇ ಕೊಲ್ಹಾಪುರದಲ್ಲಿ ಬೋರ್ಡಿಂಗುಗಳು ಏಳಲು ಶುರುವಾಗಿದ್ದವು. ಮರಾಠರಿಗೆ, ಜೈನರಿಗೆ, ಲಿಂಗಾಯತರಿಗೆ, 1908ರಲ್ಲಿ ಅಸ್ಪೃಶ್ಯರೆನಿಸಿಕೊಂಡವರಿಗೆ ಮಿಸ್ ಕ್ಲಾರ್ಕ್ ಹೆಸರಿನದು, ಹೀಗೆ ಒಂದೊಂದು ಸಮುದಾಯದ ಮಕ್ಕಳಿಗೂ ಉಳಿಯುವ ನೆಲೆ. ಜಾತಿಗೊಂದು ವಸತಿಗೃಹ ಎಂಬುದು ಇಂದಿನ ಕಿವಿಗೆ ಕಿರಿಕಿರಿ ಮಾಡಬಹುದು. ಆದರೆ ಅದರ ಹಿಂದಿನ ತರ್ಕ ಸರಳವಾಗಿತ್ತು. ಒಂದೇ ಪರೀಕ್ಷೆ ಪಾಸಾದ ಇಬ್ಬರ ನಡುವಿನ ಅಂತರ ಪರೀಕ್ಷೆಯಲ್ಲಿಲ್ಲ, ಅವರು ಬಂದ ಮನೆಯಲ್ಲಿದೆ ಎಂಬುದು ಆ ರಾಜನಿಗೆ ಗೊತ್ತಿತ್ತು. ಓದಿಗಾಗಿ ಮನೆಯ ಜೊತೆಗೇ ಸೆಣಸಬೇಕಾದ ಹುಡುಗನ ಕಥೆಯನ್ನು 'ಝೋಂಬಿ'ಯಲ್ಲಿ ಬರೆದು ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಮರಾಠಿ ಲೇಖಕ ಆನಂದ ಯಾದವರೂ ಕಾಗಲದವರೇ ಎಂಬುದು ಕಾಕತಾಳೀಯವಾದರೂ ನೆನೆಯಬೇಕಾದದ್ದು.

ಇಲ್ಲಿಗೆ ಓದುಗರ ಮೊದಲ ಆಕ್ಷೇಪ ಬರಬೇಕು. ಅಂಕ ಕುರುಡು, ಆದ್ದರಿಂದಲೇ ಪ್ರಾಮಾಣಿಕ. ಅದಕ್ಕೆ ಶಾಲೆಯ ಪರಿಚಯ, ಅಧಿಕಾರಿಯ ವಿವೇಚನೆ ಎಂದು ಕಣ್ಣು ಹಚ್ಚಿದರೆ ಆ ಕಣ್ಣು ಮೊದಲು ನೋಡುವುದು ವಶೀಲಿಯನ್ನು. ಈ ಭಯ ನಿಜ. ಅಮೆರಿಕದ ಇತಿಹಾಸವೇ ಅದಕ್ಕೆ ಸಾಕ್ಷಿ ಎಂದು ಮೇಲೆ ಒಪ್ಪಿದ್ದೇನೆ. ಆದರೆ ಶಾಲೆಯನ್ನು ಲೆಕ್ಕಕ್ಕೆ ಹಿಡಿಯಲು ಮನುಷ್ಯನ ವಿವೇಚನೆ ಬೇಕೇ ಬೇಕು ಎಂದೇನಿಲ್ಲ. ಟೆಕ್ಸಾಸ್ ರಾಜ್ಯ 1997ರಲ್ಲಿ ಒಂದು ಕಾಯಿದೆ ಮಾಡಿತು. ರಾಜ್ಯದ ಯಾವುದೇ ಹೈಸ್ಕೂಲಿನಲ್ಲಿ ಮೊದಲ ಶೇ. 10ರೊಳಗೆ ಬಂದವರಿಗೆ ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಸೀಟು ಖಾತ್ರಿ. ಪ್ರಬಂಧವಿಲ್ಲ, ಸಂದರ್ಶನವಿಲ್ಲ, ಬರೀ ಸಂಖ್ಯೆ, ಆದರೆ ತನ್ನದೇ ಶಾಲೆಯ ಒಳಗಿನ ಸಂಖ್ಯೆ. ಅರ್ಹರು ಹೆಚ್ಚಾಗಿ ಆಸ್ಟಿನ್ ನಗರದ ಮುಖ್ಯ ವಿಶ್ವವಿದ್ಯಾಲಯ ತುಂಬಿ ತುಳುಕಿದ್ದರಿಂದ ಅದೊಂದರ ಮಟ್ಟಿಗೆ ಮುಂದೆ ಆ ಪ್ರಮಾಣವನ್ನು ಇಳಿಸಬೇಕಾಯಿತು ಎಂಬುದು ಬೇರೆ ಮಾತು. ನಮ್ಮಲ್ಲಿ ಇದಕ್ಕೆ ಬೇಕಾದ ಮಾಹಿತಿ ಹೊಸದಾಗಿ ಸಂಗ್ರಹಿಸುವಂತೆಯೂ ಇಲ್ಲ. ಪ್ರತಿ ಶಾಲೆಗೂ 11 ಅಂಕಿಯ ಯುಡೈಸ್ ಸಂಖ್ಯೆ ಇದೆ. ಯಾವ ಶಾಲೆಯ ಫಲಿತಾಂಶ ಎಷ್ಟು ಎಂಬುದು ಬೋರ್ಡಿನ ಕಂಪ್ಯೂಟರಿನಲ್ಲಿದೆ. ಅರ್ಜಿದಾರಳ ಅಂಕದ ಪಕ್ಕದಲ್ಲಿ ಅವಳ ಶಾಲೆಯ ನಡುಮಟ್ಟದ ಅಂಕವನ್ನು ಅಚ್ಚು ಹಾಕಿ, ಸೀಟುಗಳ ಒಂದು ಸಣ್ಣ ಪಾಲನ್ನು ಆ ಅಂತರದ ಮೇಲೆ ಹಂಚಲು ಯಾವ ಅಧಿಕಾರಿಯ ಸಹಿಯೂ ಬೇಡ.

ಹಾಗೆ ಮಾಡಿದರೆ ಜನ ಒಳ್ಳೆಯ ಶಾಲೆ ಬಿಟ್ಟು ಕೆಟ್ಟ ಶಾಲೆಗೆ ಹೆಸರು ಹಚ್ಚಿಸುತ್ತಾರೆ ಎನ್ನುವುದು ಇನ್ನೊಂದು ಆಕ್ಷೇಪ, ಇದೂ ಗಟ್ಟಿಯಾದದ್ದೇ. ಟೆಕ್ಸಾಸಿನಲ್ಲಿ ಕೆಲವು ಕುಟುಂಬಗಳು ಹೀಗೆ ಶಾಲೆ ಬದಲಿಸಿದ್ದನ್ನು ಅರ್ಥಶಾಸ್ತ್ರಜ್ಞರು ಪತ್ತೆ ಹಚ್ಚಿದ್ದಾರೆ. ನಮ್ಮಲ್ಲಂತೂ ಹಳ್ಳಿಯ ಜೂನಿಯರ್ ಕಾಲೇಜಿನಲ್ಲಿ ಹೆಸರು, ಪಟ್ಟಣದ ಕೋಚಿಂಗ್ ಕ್ಲಾಸಿನಲ್ಲಿ ಮಗು ಎಂಬ ಡಮ್ಮಿ ಅಡ್ಮಿಷನ್ ಯಾರಿಗೂ ಹೊಸದಲ್ಲ. ಅದಕ್ಕೆ ಉತ್ತರ ಕರ್ನಾಟಕದ ಗ್ರಾಮೀಣ ಮೀಸಲಾತಿಯಲ್ಲೇ ಇದೆ. ಅದು ಕೇಳುವುದು 11-12ರ ಓದನ್ನಲ್ಲ, 1ರಿಂದ 10ರ ಓದನ್ನು. ಆರು ವರ್ಷದ ಮಗುವನ್ನು ಹನ್ನೆರಡು ವರ್ಷದ ಮುಂದಿನ ಸೀಟಿಗಾಗಿ ಬಡ ಶಾಲೆಗೆ ಹಾಕುವ ತಂದೆ-ತಾಯಿ ಸಿಕ್ಕರೆ, ಆ ಶಾಲೆಗಾದರೂ ಒಳ್ಳೆಯದೇ ಆಯಿತು.

ಕಾಗಲಕ್ಕೇ ಮರಳಿದರೆ, ಅಲ್ಲಿನ ಮಗುವಿಗೆ ಕರ್ನಾಟಕದ ಬಾಗಿಲು ಯಾಕೆ ಬೇಕು ಎಂದು ಕೇಳುವವರಿದ್ದಾರೆ. ಕೊಲ್ಹಾಪುರದಲ್ಲಿ, ಇಚಲಕರಂಜಿಯಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ, ಸಾಂಗಲಿಯ ವಾಲಚಂದ ಕಾಲೇಜಿಗೆ 1947ರಿಂದಲೂ ಹೆಸರಿದೆ, ಬೆಳಗಾವಿಗಿಂತ ಕೊಲ್ಹಾಪುರವೇ ಹತ್ತಿರ. ಒಪ್ಪಿದೆ. ಹೆಚ್ಚಿನ ಮಕ್ಕಳು ಅಲ್ಲೇ ಓದುತ್ತಾರೆ, ಓದಲಿ. ಆದರೆ ನಿಯಮ ಹುಟ್ಟಿದ್ದೇ ಗಡಿ ಎಳೆದಾಗ ಆಚೆ ಉಳಿದವರನ್ನು ಬಿಟ್ಟುಕೊಡುವುದಿಲ್ಲ ಎಂಬ ಭಾವನೆಯಿಂದ. ಹಾಗಿದ್ದ ಮೇಲೆ ಭಾಷೆಯನ್ನು ತಾಲ್ಲೂಕಿನ ಹೆಸರಿನಲ್ಲಿ ಹುಡುಕುವುದು ವಿಚಿತ್ರ. ಹೊರನಾಡು ಕನ್ನಡಿಗರ ಷರತ್ತೂ ಇಲ್ಲಿ ಒದಗುವುದಿಲ್ಲ, ಅದು ಕರ್ನಾಟಕದಿಂದ ಹೊರಗೆ ಹೋದ ಕುಟುಂಬಗಳಿಗೆಂದು ಮಾಡಿದ್ದು. ಕಾಗಲದ ಕನ್ನಡದವರು ಎಲ್ಲಿಗೂ ಹೋದವರಲ್ಲ. ಪಟ್ಟಿ ಹಿಗ್ಗಿಸಿದರೆ ಸುಳ್ಳು ಮಾತೃಭಾಷೆಯವರು ನುಗ್ಗುತ್ತಾರೆ ಎಂಬ ಅಂಜಿಕೆಗೆ ಪ್ರಾಧಿಕಾರವೇ ಮದ್ದು ಇಟ್ಟುಕೊಂಡಿದೆ. ಕನ್ನಡ ಭಾಷಾ ಪರೀಕ್ಷೆ ಅದಕ್ಕಲ್ಲದೆ ಮತ್ತೇತಕ್ಕೆ? ತಾಲ್ಲೂಕಿನ ಪಟ್ಟಿ ತೆಗೆದು, ಗಡಿಗೆ ಹೊಂದಿದ ಜಿಲ್ಲೆಗಳಲ್ಲಿ 7 ವರ್ಷದ ಓದು ಮತ್ತು ಆ ಪರೀಕ್ಷೆ, ಇವೆರಡನ್ನೇ ಉಳಿಸಿದರೂ ಸಾಕು. ಪರೀಕ್ಷೆ ಸುಲಭವೆನ್ನಿಸಿದರೆ ತುಸು ಬಿಗಿ ಮಾಡಲಿ.

ಅಲ್ಲಿಯವರೆಗೆ ಕಾಗಲದ ಕುಟುಂಬಗಳಿಗೆ ಇರುವ ಸಂದು ಒಂದೇ, ಅದು ನಿಯಮಗಳ 'ಬಿ' ಷರತ್ತಿನಲ್ಲಿದೆ. ಮಗು 11 ಮತ್ತು 12ನ್ನು ಕರ್ನಾಟಕದಲ್ಲಿ ಓದಿ ಪಾಸಾಗಿರಬೇಕು, ತಂದೆ ಅಥವಾ ತಾಯಿ ಯಾರಾದರೊಬ್ಬರು ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿರಬೇಕು. ಗಡಿ ರಾಜ್ಯಗಳನ್ನು ಬೇರೆ ಮಾಡಿತೇ ಹೊರತು ಬೀಗತನವನ್ನಲ್ಲ. ಇಲ್ಲಿನ ಸೊಸೆಯಂದಿರು ನಿಪ್ಪಾಣಿ, ಚಿಕ್ಕೋಡಿ, ಸಂಕೇಶ್ವರದಿಂದಲೂ ಬರುತ್ತಾರೆ. ಆದ್ದರಿಂದ ಮಗಳ ಅರ್ಜಿಯನ್ನು ಎತ್ತಿಹಿಡಿಯುವ ಕಾಗದ ತಾಯಿಯ ತವರೂರಿನ ಶಾಲೆಯ ರಿಜಿಸ್ಟರಿನಲ್ಲಿರಬಹುದು, ಅವಳು ಏಳನೇ ತರಗತಿಯವರೆಗಾದರೂ ಓದಿದ್ದರೆ. ಆದರೆ ಇದನ್ನು 12 ಮುಗಿದ ಮೇಲೆ ತಿಳಿದುಕೊಂಡು ಉಪಯೋಗವಿಲ್ಲ. ತೀರ್ಮಾನ ಆಗಬೇಕಾದದ್ದು ಹತ್ತನೆಯ ಫಲಿತಾಂಶ ಬಂದ ವಾರದಲ್ಲಿ, ಹನ್ನೊಂದಕ್ಕೆ ಕೊಲ್ಹಾಪುರದ ಬಸ್ಸು ಹತ್ತುವುದೋ ನಿಪ್ಪಾಣಿಯದೋ ಎಂದು ಗೊತ್ತುಮಾಡುವಾಗ.